ಪಿಳ್ಳಮ್ಮನ ಅಂಗೈ

ಬಸ್ಸು ಮತ್ತೆ ಕೆಮ್ಮಿ ನಿಂತಿತು. ಪಿಳ್ಳಮ್ಮ ಪಕ್ಕದಲ್ಲಿದ್ದ ಸೊಣ್ಣಪ್ಪನನ್ನು ಮೊಣಕೈಯಿಂದ ತಿವಿದು, "ಇಳಿ ಇಳಿ, ನೀನಿರೋವರ್ಗೂ ಇದು ಕದಲಾಕಿಲ್ಲ" ಎಂದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಏನ್ ಗ್ರಹಚಾರ ಬಡೀತೋ ಈ ಡಕೋಟಾಗೆ! ಗಂಡಸ್ರೆಲ್ಲ ಇಳ್ದು ತಳ್ರಪ್ಪಾ" ಎಂದು ಕೂಗುತ್ತಿದ್ದ. ತಳ್ಳುವವರ ಜೊತೆ ಇಳಿದ ಇಬ್ಬರೂ ಬಸ್ಸಿನ ಹಿಂದಕ್ಕೆ ಹೋಗದೆ, ತುಮಕೂರು ರಸ್ತೆ ದಾಟಿ ನೀಲಗಿರಿ ತೋಪಿನೊಳಗೆ ನುಗ್ಗಿದರು. ಅವರು ಮರೆಯಾದದ್ದೇ ತಡ, ಡ್ರೈವರ್ ಚಾವಿ ತಿರುಗಿಸಿದ್ದಕ್ಕೆ ಬಸ್ಸು ಗುರ್ರೆಂದು ಎದ್ದು ಹೊರಟೇಹೋಯಿತು.

"ನೋಡ್ದಾ? ನಿನ್ನ ದೆಸೆಯಿಂದ ತುಮಕೂರ್‌ಗಂಟ ನಡ್ಕಂಡೇ ಸಾಯ್ಬೇಕು. ಎದರ್‌ಬ್ಯಾಡ ಎದರ್‌ಬ್ಯಾಡ ಅಂತ ಬಡ್ಕಂಡೆ."

"ನೀನು ಬ್ಯಾಡ ಅಂದಷ್ಟೂ ಜಾಸ್ತಿ ಆಯ್ತದೆ ಕಣಕ್ಕ."

ಸೊಣ್ಣಪ್ಪನಿಗೆ ಹೆದರಿಕೆ ಹುಟ್ಟಿದರೆ ಸುತ್ತಲಿನ ಯಂತ್ರಗಳು ಪ್ರಾಣ ಬಿಡುತ್ತಿದ್ದವು. ಪೀಣ್ಯದ ಕಾರ್ಖಾನೆಯಲ್ಲಿ ಯಾರ ಕೈಯಾದರೂ ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ ಹತ್ತಿರವಾದದ್ದು ಕಂಡರೆ ಸಾಕು, ಅವನ ಎದೆ ಹೊಡೆದುಕೊಳ್ಳುತ್ತಿತ್ತು, ಇಡೀ ಸಾಲು ನಿಂತುಹೋಗುತ್ತಿತ್ತು. ಇದೆಲ್ಲ ಸ್ಟ್ರೈಕ್ ಮಾಡಿಸುವವರ ಕೈವಾಡ, ಇವನೂ ಅವರ ಪೈಕಿ ಎಂದು ಓನರು ಅವನನ್ನು ಹೊಡೆಸಿ, ಪೊಲೀಸರು ಬರುವವರೆಗೆ ಇರಲೆಂದು ಗೋಡೌನಿನಲ್ಲಿ ಕೂಡಿಹಾಕಿದ್ದ.

ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಪಿಳ್ಳಮ್ಮನ ಕಷ್ಟ ಬೇರೆ. ಪ್ರೆಸ್ಸಿಗೆ ಸಿಕ್ಕಿ ಜಜ್ಜಿದವರ ಕೈಯನ್ನು ಅವಳು ತನ್ನೆರಡು ಅಂಗೈಗಳ ನಡುವೆ ಹಿಡಿದರೆ ಮೂಳೆ ಕೂಡಿಕೊಂಡು, ತೊಗಲು ಮುಚ್ಚಿಕೊಂಡು ಕೈ ಮೊದಲಿನಂತಾಗುತ್ತಿತ್ತು. ನೋವು ಮಾತ್ರ ಅವಳ ಕೈಗೆ ದಾಟಿ ಅಲ್ಲೇ ಬೀಡು ಬಿಡುತ್ತಿತ್ತು. ಹೋದ ಆಯುಧಪೂಜೆಯಲ್ಲಿ ಓನರು ಪ್ರೆಸ್ಸುಗಳಿಗೆ ಇಟ್ಟ ಹಾಗೇ ಅವಳ ಅಂಗೈಗೂ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಇಟ್ಟ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡುಗಳನ್ನು ಅವತ್ತು ತೊಳೆಯಲೆಂದು ಬಿಚ್ಚಿದ್ದರು, ಮತ್ತೆ ಹಾಕಲೇ ಇಲ್ಲ. ಗಾರ್ಡಿಲ್ಲದಿದ್ದರೆ ಮಾಲು ಬೇಗ ಬೀಳುತ್ತದೆ; ಕೈ ಹೋದರೆ ಪಿಳ್ಳಮ್ಮ ಇದ್ದಾಳಲ್ಲ. ಆಮೇಲೆ ದಿನಕ್ಕೊಂದು ಕೈ ಹಿಡಿದು ಹಿಡಿದು, ಅವಳಿಗೆ ಮುದ್ದೆ ಮುರಿಯಲೂ ಬೆರಳು ಮಡಿಸಲಾಗದಂತಾಯಿತು. ಇವತ್ತು ಊಟದ ಬೆಲ್ಲು ಹೊಡೆದಾಗ ಗೋಡೌನಿನ ಅಗುಳಿಯನ್ನು ಹಲ್ಲಿನಿಂದ ಎಳೆದು ತೆಗೆದು, ಸೊಣ್ಣಪ್ಪನನ್ನು ಕರೆದುಕೊಂಡು ಓಡಿಬಂದಿದ್ದಳು.

ರಸ್ತೆಯ ಮೇಲೆ ಕಾರ್ಖಾನೆಯ ನೀಲಿ ಮೆಟಡೋರ್ ವ್ಯಾನು ಕಾಣಿಸಿಕೊಂಡಿತು. ಸೊಣ್ಣಪ್ಪ ಮರಕ್ಕೆ ಆತುಕೊಂಡು ಕಣ್ಣು ಮುಚ್ಚಿದ. ವ್ಯಾನು ತೋಪಿನ ನೇರಕ್ಕೆ ಬಂದು, ಒಂದು ಸಲ ಮುಗ್ಗರಿಸಿ ಸತ್ತಿತು.

"ಥೂ, ಗಾಡೀನ ದಾಟಿಸ್ಬಿಟ್ಟು ಎದರ್‌ಬಾರ್ದಾಗಿತ್ತೇನೋ!" ಎಂದು ಪಿಳ್ಳಮ್ಮ ಹಲ್ಲು ಕಚ್ಚಿದಳು.

ಫೋರ್‌ಮನ್ ವೆಂಕಟರಮಣಪ್ಪ ಇಳಿದ. ಸತ್ತ ಎಂಜಿನ್ನಿನ ಮೇಲೊಮ್ಮೆ ತಟ್ಟಿ ನಕ್ಕ. "ಓನರು ನಂಬಲ್ಲ, ಆದ್ರೆ ನಂಗೊತ್ತು. ಗಾಡಿ ನಿಂತೋಯ್ತು ಅಂದ್ರೆ ಸೊಣ್ಣ ಇಲ್ಲೇ ಇದಾನೆ. ಸೊಣ್ಣ ಇದಾನೆ ಅಂದ್ರೆ ನೀನೂ ಇದೀಯ. ಬಾಮ್ಮ ಪಿಳ್ಳಮ್ಮ, ಸಾಕು ಈ ಕಣ್ಣಾಮುಚ್ಚಾಲೆ. ಓನರು ನಿನಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸ್ತಾರಂತೆ. ಪೊರಕೆ ಮುಟ್ಟೋ ಹಾಗಿಲ್ಲ, ಸುಮ್ನೆ ಕೂತಿದ್ರೆ ಆಯ್ತು."

ಇಬ್ಬರೂ ಮರದ ಮರೆಯಲ್ಲಿ ಕುಕ್ಕರಿಸಿದರು. ವೆಂಕಟರಮಣಪ್ಪ ವ್ಯಾನಿನೊಳಕ್ಕೆ ಕೈಹಾಕಿ ಒಬ್ಬನನ್ನು ಇಳಿಸಿಕೊಂಡ. ಪ್ರೆಸ್ಸಿನ ನರಸಪ್ಪ. ಎಡಗೈಗೆ ಸುತ್ತಿದ್ದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ತುಟಿ ಕಚ್ಚಿ ಹಿಡಿದರೂ ನರಳಾಟ ಮೂಗಿನಿಂದ ಹೊರಬೀಳುತ್ತಿತ್ತು.

"ನೀನು ಓಡೋದ್ಮೇಲೆ ಆಗಿದ್ದು ಇದು. ಆಸ್ಪತ್ರೆಗೆ ಹೋದ್ರೆ ಬೆರಳು ಕತ್ತರಿಸ್ತಾರೆ ಅಷ್ಟೆ. ಮನೆಯಲ್ಲಿ ಎಳೇ ಮಗು ಇದೆ ಇವನಿಗೆ. ಬಿಟ್ಟು ಹೋಗೋಕೆ ನಿನಗೆ ಮನಸ್ಸು ಹೆಂಗೆ ಬಂತಮ್ಮ?"

ಪಿಳ್ಳಮ್ಮ ಎದ್ದಳು. ಸೊಣ್ಣಪ್ಪ ಅವಳ ಸೆರಗು ಹಿಡಿದ.

"ಓಗ್‌ಬ್ಯಾಡಕ್ಕ. ಇವತ್ತು ಇವನು, ನಾಳೆ ಇನ್ನೊಬ್ಬ. ನಿನ್ನ ಬಿಡಾಕಿಲ್ಲ ಅವ್ರು."

"ಅಂಗೆ ನರಳ್ತಾವ್ನಲ್ಲೋ."

"ನೀನು ನರಳೋದು ಯಾರಿಗೆ ಕೇಳ್ತೈತೆ?"

ಪಿಳ್ಳಮ್ಮ ಸೆರಗು ಬಿಡಿಸಿಕೊಂಡು ಬೇಲಿ ದಾಟಿ ರಸ್ತೆಗೆ ಬಂದಳು. ನೋವು ಕಿವಿಗೆ ಬಿದ್ದ ಮೇಲೆ ಅವಳ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ವೆಂಕಟರಮಣಪ್ಪ ಅವಸರದಿಂದ ಟವೆಲ್ ಬಿಚ್ಚಿದ. ಪಿಳ್ಳಮ್ಮ ಅಂಗೈಗಳನ್ನು ಮುಂದೆ ಚಾಚಿದಳು. ಅವುಗಳ ಒಂದು ಬೆರಳೂ ನೆಟ್ಟಗಿರಲಿಲ್ಲ.

"ಕೊಡಪ್ಪ ಕೈಯ," ಎಂದಳು.

ನರಸಪ್ಪ ಆ ಕೈಗಳನ್ನೇ ನೋಡಿದ. ಎಷ್ಟೋ ಸಲ ಎಷ್ಟೋ ಜನರ ಕೈ ಹಿಡಿದಿದ್ದ ಕೈಗಳು. ಹತ್ತಿರದಿಂದ ನೋಡಿದ್ದು ಇದೇ ಮೊದಲು. ಆಮೇಲೆ ಫೋರ್‌ಮನ್‌ನ ಕಡೆ ತಿರುಗಿದ.

"ವಾಸಿಯಾದ್ರೆ ನಾಳೆ ನನ್ನ ಎಲ್ಲಿ ಕೂರುಸ್ತೀರ ಸಾರ್?"

"ಎಲ್ಲಿ ಅಂದ್ರೆ? ಅದೇ ಪ್ರೆಸ್ಸು."

"ಗಾರ್ಡು ಆಕ್ತೀರಾ?"

"ಅದ್ಯಾಕೋ ಈಗ? ಇವಳು ವಾಪಸ್ ಬರ್ತಾಳಲ್ಲ!"

ನರಸಪ್ಪ ಜಜ್ಜಿಹೋಗಿದ್ದ ಕೈಯನ್ನು ಹಿಂದಕ್ಕೆಳೆದು ಕಂಕುಳಲ್ಲಿ ಅದುಮಿಕೊಂಡ. ಅಂಗಿ ಕೆಂಪಾಗತೊಡಗಿತು.

"ಬ್ಯಾಡ," ಎಂದ. "ಮುಟ್ಬ್ಯಾಡ ಕಣಕ್ಕ ನನ್ನ."