ಮೊದಲಿನ ಹಾಗಿಲ್ಲ

ನೀಲಿ ಕಾರು ಮತ್ತೆ ಬಂದು ನಿಂತದ್ದನ್ನು ಕಂಡು ಮೇಸ್ತ್ರಿಗೆ ಮೈ ಉರಿಯಿತು. ಇದು ನಾಲ್ಕನೇ ಸಲ. ಇಪ್ಪತ್ತಾರು ವರ್ಷದಲ್ಲಿ ಅವನು ರಿಪೇರಿ ಮಾಡಿದ ಯಾವ ಗಾಡಿಯೂ ಅದೇ ದೂರು ಹೊತ್ತು ಮರಳಿದ್ದಿಲ್ಲ. ಎದುರಿನ ಟೈರ್ ಅಂಗಡಿಯವನು ಆಗಲೇ ಹಲ್ಲು ಕಿರಿಯುತ್ತಿದ್ದ.

ಕಾರಿನಿಂದ ಇಳಿದ ಯಜಮಾನರದು ಅದೇ ಮಾತು. “ಮೊದಲಿನ ಹಾಗಿಲ್ಲ, ಮೇಸ್ತ್ರಿ.”

ಮೊದಲಿನ ಹಾಗೆ ಹೇಗಿದ್ದೀತು? ಮೊದಲ ದಿನ ಸ್ಟೀರಿಂಗ್ ಒರಳುಕಲ್ಲಿನಷ್ಟು ಭಾರ. ತಿರುಗಿಸಿದರೆ ಬಾನೆಟ್ಟಿನೊಳಗಿಂದ ‘ಕುಂಯ್ಯೋ’ ಎಂಬ ಗೋಳು, ಬೀದಿಗೆಲ್ಲ ಕೇಳುವಂತೆ. “ತೋಳು ಬಿದ್ದೋಗ್ತಿದೆ. ಭಾರ ಒಂದು ಇಳಿಸಿಕೊಡಿ, ಸಾಕು” ಎಂದಿದ್ದರು ಯಜಮಾನರು. ಮೇಸ್ತ್ರಿ ಸೋರುತ್ತಿದ್ದ ಪೈಪು ಬದಲಿಸಿ ಎಣ್ಣೆ ತುಂಬಿದ. ಭಾರ ಇಳಿಯಿತು, ಗೋಳು ಅರ್ಧಕ್ಕಿಳಿಯಿತು.

ವಾರ ಕಳೆದು ವಾಪಸು. ಬೆಲ್ಟು ಬದಲಿಸಿದ. ಮತ್ತೆ ವಾಪಸು. ಹಟ ಹಿಡಿದು ಪಂಪನ್ನೇ ಬದಲಿಸಿದ; ಸ್ಟೀರಿಂಗನ್ನು ಆ ಕಡೆಗೂ ಈ ಕಡೆಗೂ ಇಪ್ಪತ್ತು ಸಲ ತಿರುಗಿಸಿ, ಎಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನೆಲ್ಲ ಹೊರಡಿಸಿದ. ಗಾಡಿ ನಯವಾದಷ್ಟೂ ಯಜಮಾನರ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದು, ನಾಚಿಕೊಂಡವರಂತೆ ಮುಚ್ಚಿಕೊಂಡರು.

ಅಂದೇ ಮೇಸ್ತ್ರಿ ಗಾಡಿಯನ್ನು ಬಿಟ್ಟು ಗಾಡಿಯವರನ್ನು ನೋಡತೊಡಗಿದ್ದು. ಹಿಂದಿನ ಸೀಟಿನಲ್ಲಿ ಔಷಧಿ ಚೀಲವಿತ್ತು.

“ಮನೇಲಿ ಮಾತುಕತೆಗೆ ಯಾರಿದ್ದಾರೆ ಸಾರ್?”

“ಒಂದು ಮಾತಿತ್ತು. ಈಚೆಗೆ ಅದೂ ನಿಂತೋಯ್ತು.”

ಪಾಪ, ಹೆಂಡತಿ ತೀರಿಕೊಂಡಿರಬೇಕು ಎಂದುಕೊಂಡ ಮೇಸ್ತ್ರಿ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವನೂ ಒಂಟಿ. ಸಂಜೆ ಮೆಟ್ಟಿಲು ಹತ್ತಿದರೆ ಬೀಗವನ್ನೇ ಮಾತಾಡಿಸಬೇಕು. ಸ್ಟೀರಿಂಗ್ ಬರೀ ನೆಪ, ಈ ಮನುಷ್ಯನಿಗೆ ಬೇಕಾದದ್ದು ಜೊತೆ. ಹಾಗೆ ತೀರ್ಮಾನಿಸಿ ಇನ್ನೊಂದು ಸ್ಟೂಲು ತಂದಿಟ್ಟ. ನಿಜ ಹೇಳಬೇಕೆಂದರೆ, ಈ ವಾರವಿಡೀ ದಾರಿ ನೋಡಿದವನು ಅವನೇ.

ಆದರೂ ಇವತ್ತು ಹೆಸರಿನ ಪ್ರಶ್ನೆ. ಟೈರ್ ಅಂಗಡಿಯವನ ಹಲ್ಲು ಮುಚ್ಚಿಸಬೇಕಿತ್ತು.

“ಕೀ ಕೊಡಿ ಸಾರ್. ನಿಮ್ಮನೆ ತನಕ ನಾನೇ ಓಡಿಸ್ತೀನಿ. ಎಲ್ಲಿ ತಪ್ಪಿದೆ, ಬೆರಳಿಟ್ಟು ತೋರಿಸಿ.”

ಯಜಮಾನರು ಪಕ್ಕದಲ್ಲಿ ಕೂತು ದಾರಿ ತೋರಿಸಿದರು. ಕೊನೆಯ ಬೀದಿಯಲ್ಲಿ ಕಿರಿದಾದ ಗೇಟು, ಅದಕ್ಕೆ ತಗುಲಿದಂತೆ ಅರ್ಧ ತೆರೆದ ಕಿಟಕಿ. ಮೇಸ್ತ್ರಿ ಬೇಕೆಂದೇ ಒಂದೇ ಬೆರಳಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಒಳಗೆ ಬಂತು.

“ನೋಡಿ! ಭಾರ ಇಲ್ಲ, ಸದ್ದಿಲ್ಲ. ಇನ್ನೇನು ಬೇಕು ನಿಮಗೆ?”

ಯಜಮಾನರು ಇಳಿಯಲಿಲ್ಲ. ಕಿಟಕಿಯ ಕಡೆಗೆ ಕಿವಿಯಾಗಿ ಸ್ವಲ್ಪ ಹೊತ್ತು ಕುಳಿತರು. ಒಳಗಿಂದ ಏನೂ ಕೇಳಿಸಲಿಲ್ಲ.

“ಒಳಗೆ ನನ್ನ ಹೆಂಡತಿ ಮಲಗಿದ್ದಾಳೆ, ಮೇಸ್ತ್ರಿ. ಎರಡು ವರ್ಷದಿಂದ ಯಾರ ಗುರುತೂ ಇಲ್ಲ, ಮಾತೂ ಇಲ್ಲ. ಈ ಗೇಟಲ್ಲಿ ಆ ‘ಕುಂಯ್ಯೋ’ ಕೇಳಿದಾಗ ಮಾತ್ರ ‘ಬಂದ್ರಾ?’ ಅಂತಿದ್ಳು.”