ಹೂಂ ಅಂದ ತಲೆ

ಬೀರುವಿನ ಕೆಳಗಿನ ಖಾನೆಯಲ್ಲಿ ಏನೋ ಹುಡುಕಿ ಎದ್ದು ನಿಲ್ಲುವಾಗ, ತಾವೇ ತೆರೆದಿಟ್ಟ ಮೇಲಿನ ಬಾಗಿಲಿಗೆ ಮೇಷ್ಟ್ರ ಹಣೆ ಧಡ್ಡೆಂದು ಬಡಿಯಿತು. ‘ಬಾಗಿಲು ಮುಚ್ಚಿ, ತಲೆ ಉಳಿಸಿಕೊಳ್ಳಿ’ ಎಂಬ ಚೀಟಿ ಅದೇ ಬಾಗಿಲ ಮೇಲಿತ್ತು, ಅಂಟಿಸಿದವರೂ ಮೇಷ್ಟ್ರೇ. ಶಾಲೆಯ ಮೇಷ್ಟ್ರಲ್ಲ, ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಬಾಯಿ ತೆರೆದರೆ ಪಾಠ ಶುರುವಾಗುವುದರಿಂದ ಆ ಹೆಸರು.

ಕಣ್ಣ ಮುಂದೆ ನಕ್ಷತ್ರ ಕುಣಿಯುತ್ತಿರುವಾಗಲೇ ಹೆಂಡತಿಯ ಫೋನು ಬಂತು. “ರೀ, ಈಜಿನ ಕ್ಲಾಸಿಗೆ ಇಬ್ಬರ ಹೆಸರೂ ಕೊಟ್ಬಿಡ್ಲಾ? ಇವತ್ತೇ ಕೊನೆ.” ವರ್ಷ ವರ್ಷವೂ ಕೇಳುವ ಪ್ರಶ್ನೆ. ವರ್ಷ ವರ್ಷವೂ ಮೇಷ್ಟ್ರು ನೆಗಡಿ, ಮಂಡಿನೋವು ಎಂದು ನೆಪ ಹೇಳುತ್ತಿದ್ದರು. ನಿಜವಾದ ಕಾರಣ ಹೊಟ್ಟೆ. ಚಡ್ಡಿ ಹಾಕಿಕೊಂಡು ಅದನ್ನು ಊರಿಗೆಲ್ಲ ತೋರಿಸುವ ಧೈರ್ಯ ಅವರಿಗಿರಲಿಲ್ಲ. ಈ ಸಲ ಮಾತ್ರ ಹಣೆ ಉಜ್ಜಿಕೊಳ್ಳುತ್ತ, “ಹೂಂ, ಕೊಡು. ಬೀರು ಬಾಗಿಲು ತಲೆಗೆ ಬಡೀತು ಕಣೇ” ಎಂದರು.

ಸ್ವಲ್ಪ ಹೊತ್ತಿಗೆಲ್ಲ ಆಕೆ ಏದುಸಿರು ಬಿಡುತ್ತ ಲ್ಯಾಬಿನಲ್ಲಿದ್ದಳು. “ನರ್ಸಕ್ಕಾ, ಇವರಿಗೆ ಏನೋ ಆಗಿದೆ. ಒಂದೇ ಮಾತಿಗೆ ಹೂಂ ಅಂದ್ರು!”

“ವಾಂತಿ, ತಲೆಸುತ್ತು ಏನಾದ್ರೂ?”

“ಅದೇನೂ ಇಲ್ಲ. ಹೂಂ ಅಂದ್ರು.”

“ಹಾಗಾದ್ರೆ ಸೀರಿಯಸ್ಸೇ” ಎಂದು ನರ್ಸು ನಗು ನುಂಗಿಕೊಂಡು, ಡಾಕ್ಟರಿಗೆ ಹೇಳಿಕಳಿಸಿ, ರಕ್ತ ತೆಗೆದು ಮಿಷನ್ನಿಗೆ ಹಾಕಿದಳು.

ಮೇಷ್ಟ್ರ ಪಾಠ ಶುರುವಾಯಿತು. “ಹೆದರ್ಬೇಡ. ಮೆದುಳಿನ ಜೀವಕೋಶಕ್ಕೆ ಪೆಟ್ಟಾದ್ರೆ ಒಳಗಿರೋ ಪ್ರೋಟೀನು ರಕ್ತಕ್ಕೆ ಸೋರುತ್ತೆ, ತೂತು ಬಿದ್ದ ಬಿಂದಿಗೆ ಥರ. ಈ ಮಿಷನ್ನು ಅದನ್ನ ಹಿಡಿಯುತ್ತೆ. ನನ್ನ ಬಿಂದಿಗೆ ಗಟ್ಟಿ, ಸೋರಲ್ಲ.”

“ಖಾಲಿ ಇದ್ರೂ ಸೋರಲ್ಲ ಮೇಷ್ಟ್ರೇ” ಎಂದಳು ನರ್ಸು.

ಹೆಂಡತಿ ನಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ತಾವು ಹೂಂ ಅಂದದ್ದು ಯಾವುದಕ್ಕೆ ಎಂಬುದು ಮೇಷ್ಟ್ರಿಗೆ ಆಗಲೇ ಸರಿಯಾಗಿ ಹೊಳೆದದ್ದು. ಕೊಳ, ಚಡ್ಡಿ, ಹೊಟ್ಟೆ! ಒಂದೇ ಒಂದು ಚೂರು ಪ್ರೋಟೀನು ಸೋರಿರಲಪ್ಪಾ, ‘ಹೂಂ ಅಂದದ್ದು ನಾನಲ್ಲ, ಪೆಟ್ಟು’ ಎಂದು ಹೇಳಿ ಪಾರಾಗುತ್ತೇನೆ ಎಂದು ಮನಸ್ಸಿನಲ್ಲೇ ಕೈಮುಗಿದರು. ತನ್ನ ಮೆದುಳಿಗೆ ಏಟಾಗಿರಲಿ ಎಂದು ಬೇಡಿಕೊಳ್ಳುವ ಟೆಕ್ನಿಷಿಯನ್ ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಎಂದು ನಗುವೂ ಬಂತು.

“ನಾರ್ಮಲ್” ಎಂದಳು ನರ್ಸು. “ಡಾಕ್ಟರ್ ಒಂದ್ಸಲ ನೋಡಿದ್ರೆ ಮನೆಗೆ ಹೋಗ್ಬಹುದು.”

ಹೆಂಡತಿ ಅಂಗೈಯಿಂದ ಕಣ್ಣೊರೆಸಿಕೊಂಡಳು. “ಸದ್ಯ! ಈಜಿನ ವಿಷಯ ಬಿಡಿ ನೀವು. ಬರೋ ದಾರೀಲೇ ಫೋನ್ ಮಾಡಿ ನಿಮ್ಮ ಹೆಸರು ತೆಗೆಸಿಬಿಟ್ಟೆ. ನಂದೂ ತೆಗೆಸ್ದೆ. ತಲೆ ಸರಿಯಿದ್ದಾಗ ನೀವೆಲ್ಲಿ ಹೂಂ ಅಂತೀರಿ?”

ಬದುಕಿದೆ ಎಂದು ಉಸಿರು ಬಿಡಬೇಕಾಗಿದ್ದ ಮೇಷ್ಟ್ರಿಗೆ ಯಾಕೋ ಆ ‘ನಂದೂ’ ಎಂಬ ಮಾತು ಚುಚ್ಚಿತು. ಆಕೆಯ ಬ್ಯಾಗಿನ ಪಟ್ಟಿಯನ್ನೇ ನೋಡುತ್ತ, “ಮತ್ತೆ ಫೋನ್ ಮಾಡು” ಎಂದರು. “ಇಬ್ಬರದೂ ಸೇರಿಸು. ನನ್ನ ಸೈಜಿನ ಚಡ್ಡಿ ಸಿಗುತ್ತಾ, ಅದನ್ನೂ ಕೇಳು.”

ಆಕೆ ಅವರ ಮುಖವನ್ನೇ ದಿಟ್ಟಿಸಿದಳು. ಊದಿಕೊಂಡ ಹಣೆಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಆಮೇಲೆ ನರ್ಸಿನ ಕಡೆ ತಿರುಗಿದಳು.

“ಅಕ್ಕಾ, ಇನ್ನೊಂದು ಸಲ ರಕ್ತ ತಗೊಳ್ಳಿ.”