ಕೆಲಸ ಇದೆ ಕಣೇ, ತಡಿ

"ಅಕ್ಕಾ, ಅವತ್ತು ಮಧ್ಯಾಹ್ನ ಅಪ್ಪನ್ನ ಒಳಗೆ ಕರೆದಿದ್ದು ಯಾಕೆ?" ಎಂದು ತಮ್ಮ ಕೇಳಿದಾಗ, ಅಕ್ಕ ಬೆಂಚಿನ ಮೇಲೆ ಮಲಗಿಸಿದ್ದ ಹೊಲಿಗೆ ಯಂತ್ರದ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದಳು. ಎಣ್ಣೆ ಡಬ್ಬಿ ಹಿಡಿದ ಕೈ ಅಲ್ಲೇ ನಿಂತಿತು.

"ನಾನೆಲ್ಲಿ ಕರೆದೆ? ನಾನು ಟೆರೇಸ್ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಅಪ್ಪ 'ಬಂದೆ' ಅಂದಿದ್ದು ಕೇಳಿಸ್ತು. ನೀನು ಕರೆದಿರ್ಬೇಕು ಅಂದ್ಕೊಂಡೆ."

"ನಾನು ಹೊರಗೆ ಸ್ಕೂಟರ್ ತೊಳೀತಿದ್ದೆ. ನಾನೂ ನೀನೇ ಕರೆದೆ ಅಂದ್ಕೊಂಡಿದ್ದೆ."

ಮನೆಯಲ್ಲಿ ಆಗ ಇದ್ದವರು ಈ ಇಬ್ಬರು ಮತ್ತು ಅಪ್ಪ, ಅಷ್ಟೇ.

ತೊಂಬತ್ತೆರಡರ ಅಪ್ಪನನ್ನು ಬೀದಿಯ ಮಕ್ಕಳು ಕರೆಯುತ್ತಿದ್ದುದೇ 'ಬಂದೆ ತಾತ' ಎಂದು. ಯಾರು ಎಲ್ಲಿಂದ ಕೂಗಿದರೂ "ಬಂದೆ" ಎಂದು ಎದ್ದೇಬಿಡುವ ಜೀವ ಅದು. ಎಂಬತ್ತೆಂಟರವರೆಗೂ ಸೈಕಲ್ಲಿಗೆ ಸ್ಪ್ಯಾನರ್ ಚೀಲ ಕಟ್ಟಿಕೊಂಡು ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡಿದರು. ಮಕ್ಕಳು ಸೈಕಲ್ ಬಚ್ಚಿಟ್ಟ ಮೇಲೆ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡರು. ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, ಮಗಳ ಕಡೆ ನೋಡಿ ಹುಬ್ಬು ಹಾರಿಸುವರು. ಎದೆ ಪರೀಕ್ಷೆಗೆಂದು ಕರೆದುಕೊಂಡು ಹೋದರೆ, ಡಾಕ್ಟರ ಕುರ್ಚಿ ಕಿರುಗುಟ್ಟುತ್ತದೆಂದು ಡಾಕ್ಟರನ್ನೇ ಎಬ್ಬಿಸಿ ಅದನ್ನು ಬೋರಲು ಹಾಕಿಕೊಂಡು ಕೂತಿದ್ದರು. ಅಂಥ ಅಪ್ಪ ಯಾರಿಗೆ ಸಿಗುತ್ತಾರೆ!

ಕರೆದ ತಕ್ಷಣ ಏಳಬೇಕು ಎನ್ನುವುದು ಮನೆಯವರಿಗೆಲ್ಲ ಅವರು ಹಾಕಿದ್ದ ಕಟ್ಟಳೆ. ಅವರು ಒಪ್ಪುತ್ತಿದ್ದ ನೆಪ ಒಂದೇ, ಕೈಯಲ್ಲಿ ಕೆಲಸವಿರಬೇಕು. ಅಮ್ಮ ಅಡುಗೆಮನೆಯಿಂದ "ರೀ" ಎಂದಾಗ ಬೆಂಚಿನ ಮೇಲೆ ಯಂತ್ರ ಬಿಚ್ಚಿದ್ದರೆ, "ಕೆಲಸ ಇದೆ ಕಣೇ, ತಡಿ" ಎನ್ನುವರು. ಆಮೇಲೆ ಅಮ್ಮ ಚಕಾರವೆತ್ತುತ್ತಿರಲಿಲ್ಲ. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ತಮ್ಮ ಬೆಂಚಿನ ತುದಿಗೆ ಕೂತ. "ಅಮ್ಮ ಹೋದ್ಮೇಲೂ ಅಪ್ಪ ಅದನ್ನ ಅಂತಿದ್ರಲ್ವಾ? ಒಬ್ರೇ ಕೂತಿದ್ದಾಗ, 'ಕೆಲಸ ಇದೆ ಕಣೇ, ತಡಿ' ಅಂತ?"

"ಅಂತಿದ್ರು. ಬಾಯಿಗೆ ರೂಢಿಯಾಗಿಬಿಟ್ಟಿದೆ ಅಂತ ನಾವು ನಗ್ತಿದ್ವಿ."

"ಅಪರೂಪಕ್ಕೊಂದ್ಸಲ ಅಲ್ವಾ?"

"ಮೊದಮೊದಲು ಅಪರೂಪಕ್ಕೆ," ಎಂದಳು ಅಕ್ಕ. "ಕೊನೆಕೊನೇಲಿ ದಿನಾ."

ಅವಳಿಗೆ ಅವತ್ತಿನ ಬೆಳಗು ನೆನಪಾಯಿತು. ಬೆಂಚಿನ ಮೇಲಿದ್ದ ಕೊನೆಯ ಯಂತ್ರವನ್ನು ಮೂಲೆಮನೆಯ ಟೈಲರಮ್ಮನಿಗೆ ತಲುಪಿಸಿ ಬಂದವಳು ಅವಳೇ. ಹೊಸದಾಗಿ ಯಂತ್ರ ಹೊತ್ತು ತಂದ ಇಬ್ಬರನ್ನು ಬಾಗಿಲಿನಿಂದಲೇ ಸಾಗಹಾಕಿದವಳೂ ಅವಳೇ. "ಸಾಕಪ್ಪಾ, ಇನ್ನಾದ್ರೂ ಸುಮ್ನೆ ಕೂತ್ಕೊಳ್ಳಿ" ಎಂದು ಬೆಂಚನ್ನು ಒರೆಸಿ ಖಾಲಿ ಮಾಡಿದ್ದಳು. ಪ್ರೀತಿಯಿಂದಲೇ ಮಾಡಿದ್ದು. ಅಪ್ಪ ಆ ಖಾಲಿ ಬೆಂಚನ್ನು ಸವರಿ ನೋಡಿ, "ಹಾಗಾದ್ರೆ ಕೆಲಸ ಏನೂ ಇಲ್ವಾ?" ಎಂದಷ್ಟೇ ಕೇಳಿದ್ದರು. ಮಧ್ಯಾಹ್ನ ಅವರು ಅಂಗಡಿಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಉಸಿರಿಲ್ಲದೆ ಬಿದ್ದಿದ್ದರು. ಅಂಗಡಿಯ ಚಪ್ಪಲಿ ಹೊಸ್ತಿಲ ಈಚೆ ಜೋಡಿಸಿಟ್ಟಿತ್ತು. ತಲೆ ಬಾಚಿಕೊಂಡಿದ್ದರು.

ಇಬ್ಬರೂ ಆ ಬಾಗಿಲ ಕಡೆ ನೋಡಲಿಲ್ಲ.

"ಗುಜರಿಯವನು ಬೀದಿ ಕೊನೇಲಿ ಕಾಯ್ತಿದಾನೆ, ಕರ್ಕೊಂಡು ಬರ್ತೀನಿ," ಎಂದು ತಮ್ಮ ಎದ್ದ. ಅಂಗಡಿಯ ಸಾಮಾನನ್ನೆಲ್ಲ ಇವತ್ತು ಖಾಲಿ ಮಾಡುವುದೆಂದು ಮಾತಾಗಿತ್ತು. "ಅದನ್ನ ಬಿಡಕ್ಕಾ. ಗುಜರಿಗೆ ಹೋಗೋ ಯಂತ್ರಕ್ಕೆ ಯಾಕಿಷ್ಟು ಉಪಚಾರ?"

ಅವಳು ಬಿಡಲಿಲ್ಲ. ಯಾರೋ ಎಂದೋ ಬಿಟ್ಟುಹೋಗಿ ಮರೆತ ಯಂತ್ರ ಅದು, ಇವತ್ತು ಸಾಮಾನು ಇಳಿಸುವಾಗ ಅಟ್ಟದಲ್ಲಿ ಸಿಕ್ಕಿತ್ತು. ಅಪ್ಪನ ಪಕ್ಕ ಕೂತು ನೋಡಿ ಕಲಿತಿದ್ದಂತೆ ಒಂದೊಂದೇ ಸ್ಕ್ರೂ ಬಿಗಿದಳು. ಕೊನೆಯದೊಂದು ಕೈಯಲ್ಲಿ ಉಳಿಯಿತು. ಹೊರಗೆ ಒಳ್ಳೆಯ ಬಿಸಿಲಿತ್ತು. ಎದುರುಮನೆಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು.

"ಪುಟ್ಟೀ."

ದನಿ ಅಡುಗೆಮನೆಯಿಂದ ಬಂದಿತ್ತು. ಐವತ್ತೆಂಟು ತುಂಬಿದ ಅವಳನ್ನು ಹಾಗೆ ಕರೆಯುತ್ತಿದ್ದವರು ಒಬ್ಬರೇ. ಅವಳು ಆಗಲೇ ಅರ್ಧ ಎದ್ದಿದ್ದಳು. ಬಾಯಿ "ಬಂ" ಎನ್ನುವವರೆಗೂ ಹೋಗಿತ್ತು. ಅಷ್ಟರಲ್ಲಿ ಸ್ಕ್ರೂ ಅಂಗೈಗೆ ಒತ್ತಿ ಚುರುಕ್ಕೆಂದಿತು. ಓಡಿಹೋಗಿ ಒಮ್ಮೆ ನೋಡಿಬಿಡಬೇಕೆಂಬ ಆಸೆಯೂ, ಹೋದರೆ ಅಪ್ಪನಂತೆ ತಾನೂ ಹೊಸ್ತಿಲು ದಾಟುವುದಿಲ್ಲವೆಂಬ ಭಯವೂ ಒಟ್ಟಿಗೇ ಬಂದವು.

"ಕೆಲಸ ಇದೆ ಅಪ್ಪಾ!" ಎಂದು ಕೂಗಿದಳು.

ಅಡುಗೆಮನೆಯಿಂದ, ಅದೇ ಹಳೆಯ ಅಕ್ಕರೆಯಲ್ಲಿ, "ಸರಿ ಸರಿ. ಮುಗಿಸ್ಕೊಂಡೇ ಬಾ."

ತಮ್ಮ ಗುಜರಿಯವನ ಜೊತೆ ಒಳಗೆ ಬಂದ. "ಯಾರ ಹತ್ರ ಮಾತಾಡ್ತಿದ್ದೆ? ಓಹೋ, ಮುಗಿಸೇಬಿಟ್ಯಲ್ಲ! ಅದೊಂದು ಸ್ಕ್ರೂ ಹಾಕ್ಬಿಡು, ಇವರಿಗೆ ಕೊಟ್ಟು ಕಳಿಸೋಣ."

ಅಕ್ಕ ಯಂತ್ರದ ಮೇಲೆ ಒಂದು ಕೈ ಊರಿಕೊಂಡು ನಿಂತಳು.

"ಅವರನ್ನ ವಾಪಸ್ ಕಳಿಸು. ಇದು ಇನ್ನೂ ಮುಗಿದಿಲ್ಲ," ಎಂದು, ಇನ್ನೊಂದು ಕೈಯಲ್ಲಿದ್ದ ಸ್ಕ್ರೂವನ್ನು ಕಿಟಕಿಯಾಚೆಯ ಚರಂಡಿಗೆ ಎಸೆದಳು.